ಅನಿಲ ಸಿಕ್ಕ ಮೇಲೂ ಪಾಲುದಾರ ಹಣ ಕಟ್ಟಬೇಕೇಕೆ?

ಪ್ರಶ್ನೆ: ನಾನು ಸಹಕಾರಿ ಬ್ಯಾಂಕಿನಿಂದ ನಿವೃತ್ತನಾಗಿ ಗದಗ-ಬೆಟಗೇರಿಯಲ್ಲಿ ನೆಲೆಸಿದ್ದೇನೆ. ನಿವೃತ್ತಿಯಲ್ಲಿ ಬಂದ ಹಣದ ಒಂದು ಭಾಗವನ್ನು ಸಣ್ಣ ತೈಲ ಕಂಪನಿಯೊಂದರ ಷೇರಿನಲ್ಲಿ ಹಾಕಿದ್ದೇನೆ. ಪೂರ್ವ ಕರಾವಳಿಯ ಆಳ ಸಮುದ್ರದಲ್ಲಿ ತೈಲ-ಅನಿಲ ಹುಡುಕಲು ಗೊತ್ತುಮಾಡಿದ ಒಂದು ಬ್ಲಾಕಿನಲ್ಲಿ ಈ ಕಂಪನಿಗೆ ಶೇ. 10 ಪಾಲು ಇದೆ, ಉಳಿದದ್ದು ಇಬ್ಬರು ದೊಡ್ಡವರದು. ಅಲ್ಲಿ ಅನಿಲ ಸಿಕ್ಕಿತೆಂಬ ಸುದ್ದಿ ಬಂದಾಗ ಷೇರು ಏರಿತ್ತು. ಈಗ ಅದೇ ಕಂಪನಿ ‘ಕ್ಯಾಶ್ ಕಾಲ್ ಕಟ್ಟಬೇಕಾಗಿದೆ’ ಎಂದು ಇರುವ ಷೇರುದಾರರಿಗೇ ಹೊಸ ಷೇರು ಮಾರುವ ರೈಟ್ಸ್ ಇಶ್ಯೂ ಮೂಲಕ ನಮ್ಮಿಂದಲೇ ಮತ್ತೆ ಹಣ ಕೇಳುತ್ತಿದೆ. ಅನಿಲ ಸಿಕ್ಕ ಮೇಲೆ ಹಣ ಬರಬೇಕಲ್ಲವೇ? ಹುಬ್ಬಳ್ಳಿಯ ಬ್ರೋಕರ್ ಕಚೇರಿಯಲ್ಲಿ ಒಬ್ಬರು, ‘ಖರ್ಚನ್ನೆಲ್ಲ ಸರ್ಕಾರ ಹಿಂದಿರುಗಿಸುತ್ತದೆ, ನಷ್ಟದ ಮಾತೇ ಇಲ್ಲ’ ಎನ್ನುತ್ತಾರೆ. ಇನ್ನೊಬ್ಬರು, ‘ದೊಡ್ಡ ಕಂಪನಿ ಸುಳ್ಳು ಬಿಲ್ಲು ಹಾಕಿ ಸಣ್ಣವರನ್ನು ಹೊರಗೆ ದೂಡುತ್ತದೆ’ ಎನ್ನುತ್ತಾರೆ. ನಮ್ಮ ಹೊಲವನ್ನು ಪಾಲಿಗೆ ಹಾಕಿದಾಗ ರಾಶಿಯಾದ ಮೇಲೆ ಬೀಜ-ಗೊಬ್ಬರದ ಖರ್ಚು ತೆಗೆದು ಉಳಿದದ್ದನ್ನು ಹಂಚಿಕೊಳ್ಳುತ್ತೇವೆ. ಸಮುದ್ರದಲ್ಲಿಯೂ ಲೆಕ್ಕ ಹೀಗೆಯೇ ಇರುತ್ತದೆಯೇ? ನಾಳೆ ಬಾವಿಯಲ್ಲಿ ಅನಾಹುತವಾದರೆ ನನ್ನಂಥವರ ಮನೆ-ಹೊಲಕ್ಕೂ ಅದು ಬರುತ್ತದೆಯೇ? ರೈಟ್ಸ್ ಇಶ್ಯೂಗೆ ಹಣ ಹಾಕಲೇ, ಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿರುವ ಆತಂಕ ಎರಡು ಬಗೆಯದು. ಕಂಪನಿ ನಿಮಗೆ ಮೋಸ ಮಾಡುತ್ತಿದೆಯೇ ಎಂಬುದು ಒಂದು. ಇದು ಸಹಜ ವ್ಯವಹಾರವೇ ಆಗಿದ್ದರೂ ನಿಮ್ಮಂಥ ನಿವೃತ್ತರಿಗೆ ತಕ್ಕದ್ದೇ ಎಂಬುದು ಇನ್ನೊಂದು. ಮುಂಬಯಿ ಮತ್ತು ಕಾಕಿನಾಡಗಳಲ್ಲಿ ತೈಲ ಕಂಪನಿಗಳ ಜಂಟಿ ಲೆಕ್ಕಪತ್ರಗಳನ್ನು ಬರೆಯುವುದು ಮತ್ತು ತಪಾಸಣೆ ಮಾಡುವುದು ನನ್ನ ವೃತ್ತಿಯಾಗಿತ್ತು. ಆ ಅನುಭವದಿಂದ ಹೇಳುವುದಾದರೆ, ಅನಿಲ ಸಿಕ್ಕ ಮೇಲೆ ಹಣ ಕೇಳುವುದು ಮೋಸದ ಲಕ್ಷಣವಲ್ಲ. ಹಣದ ದೊಡ್ಡ ಬೇಡಿಕೆ ಶುರುವಾಗುವುದೇ ಅನಿಲ ಸಿಕ್ಕ ಮೇಲೆ. ಹಾಗೆಂದು ಅದು ನಿಮಗೆ ಒಳ್ಳೆಯ ಸುದ್ದಿ ಎಂದೂ ನಾನು ಹೇಳಲಾರೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಇಂಥ ಬ್ಲಾಕಿನಲ್ಲಿ ಎರಡು ಬೇರೆ ಬೇರೆ ಒಪ್ಪಂದಗಳು ಇರುತ್ತವೆ. ಸರ್ಕಾರ ಒಂದು ಕಡೆ, ಕಂಪನಿಗಳೆಲ್ಲ ಸೇರಿ ಇನ್ನೊಂದು ಕಡೆ ನಿಂತು ಮಾಡಿಕೊಳ್ಳುವ ಒಪ್ಪಂದ ಮೊದಲನೆಯದು; ಬಂದ ತೈಲ ಅಥವಾ ಅನಿಲದಲ್ಲಿ ಸರ್ಕಾರಕ್ಕೆ ಎಷ್ಟು, ಕಂಪನಿಗಳ ಗುಂಪಿಗೆ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಗುಂಪಿನೊಳಗೆ ಕಂಪನಿ ಕಂಪನಿಗಳ ನಡುವೆ ಆಗುವ ಜಂಟಿ ಕಾರ್ಯಾಚರಣೆ ಒಪ್ಪಂದ ಎರಡನೆಯದು. ಕೆಲಸ ಯಾರು ನಡೆಸಬೇಕು, ಖರ್ಚನ್ನು ಯಾರು ಯಾವಾಗ ಕಟ್ಟಬೇಕು, ಕಟ್ಟದಿದ್ದರೆ ಏನಾಗಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ‘ಸರ್ಕಾರ ಖರ್ಚು ಹಿಂದಿರುಗಿಸುತ್ತದೆ’ ಎಂದವರು ಮೊದಲನೆಯ ಒಪ್ಪಂದವನ್ನು ಅರ್ಧ ಓದಿದ್ದಾರೆ. ‘ಸುಳ್ಳು ಬಿಲ್ಲು ಹಾಕುತ್ತಾರೆ’ ಎಂದವರು ಎರಡನೆಯದನ್ನು ಓದಿಯೇ ಇಲ್ಲವೆಂದು ಕಾಣುತ್ತದೆ.

ನಿಮ್ಮ ಕಂಪನಿಯ ಶೇ. 10 ಪಾಲು ಲಾಭದ ಪಾಲಾಗುವುದಕ್ಕೆ ಮೊದಲು ಖರ್ಚಿನ ಪಾಲು. ಗುಂಪಿನಲ್ಲಿ ಒಬ್ಬರನ್ನು ಆಪರೇಟರ್ ಎಂದು ನೇಮಿಸಿರುತ್ತಾರೆ. ಬಾವಿ ಕೊರೆಯುವ ರಿಗ್ ಬಾಡಿಗೆಗೆ ತರುವುದು, ಗುತ್ತಿಗೆ ಕೊಡುವುದು, ಸರ್ಕಾರದೊಂದಿಗೆ ವ್ಯವಹರಿಸುವುದು ಎಲ್ಲವೂ ಆಪರೇಟರ್ ಕೆಲಸ. ಆದರೆ ಆಪರೇಟರ್ ತನ್ನ ಜೇಬಿನಿಂದ ಎಲ್ಲರ ಖರ್ಚು ಮಾಡಿ ಆಮೇಲೆ ವಸೂಲು ಮಾಡುವುದಿಲ್ಲ. ಮುಂದಿನ ತಿಂಗಳು ಎಷ್ಟು ಬೇಕೆಂದು ಅಂದಾಜು ಮಾಡಿ ಪ್ರತಿಯೊಬ್ಬ ಪಾಲುದಾರನಿಗೂ ಮುಂಗಡವಾಗಿ ಪತ್ರ ಕಳುಹಿಸುತ್ತದೆ. ಅದೇ ಕ್ಯಾಶ್ ಕಾಲ್. ನೋಡುವುದಕ್ಕೆ ಅದು ಬಲು ಸಪ್ಪೆಯಾದ ಕಾಗದ. ಎಡಗಡೆ ರಿಗ್‌ನ ದಿನ ಬಾಡಿಗೆ, ಬಾವಿಯ ಒಳಗೋಡೆಗೆ ಇಳಿಸುವ ಕೇಸಿಂಗ್ ಪೈಪು, ಸಿಮೆಂಟಿಂಗ್, ಕೊರೆಯುವಾಗ ಬಾವಿಗೆ ಹಾಯಿಸುವ ಮಡ್, ಸಾಮಾನು ಸಾಗಿಸುವ ಬೋಟುಗಳು, ಹೆಲಿಕಾಪ್ಟರ್, ವಿಮೆ, ಸಿಬ್ಬಂದಿ ವೆಚ್ಚ ಎಂದು ಸಾಲುಗಳು. ಬಲಗಡೆ ಡಾಲರ್‌ನಲ್ಲಿ ಒಟ್ಟು ಮೊತ್ತ, ಅದರ ಪಕ್ಕದಲ್ಲಿ ನಿಮ್ಮ ಶೇಕಡಾವಾರು, ಕೆಳಗೆ ಕಟ್ಟಬೇಕಾದ ಕೊನೆಯ ದಿನಾಂಕ. ರಿಗ್ ಬಾವಿಯ ಮೇಲೆ ನಿಂತಿರುವಷ್ಟು ದಿನವೂ, ಹವಾಮಾನ ಕೆಟ್ಟು ಕೆಲಸ ನಿಂತ ದಿನವೂ, ಬಾಡಿಗೆ ಓಡುತ್ತಲೇ ಇರುತ್ತದೆ. ದೊಡ್ಡ ಕಂಪನಿಗೆ ಈ ಕಾಗದ ನಿತ್ಯದ ಟಪಾಲು. ಬೇರೆ ಆದಾಯವಿಲ್ಲದ ಸಣ್ಣ ಕಂಪನಿಗೆ ಅದು ಪ್ರತಿ ತಿಂಗಳೂ ಬರುವ ಪರೀಕ್ಷೆ.

ಅನಿಲ ಸಿಕ್ಕಿದೆ ಎಂಬ ಸುದ್ದಿಗೂ ಮೊದಲ ರೂಪಾಯಿ ಬರುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. ಕೃಷ್ಣಾ-ಗೋದಾವರಿ ಕಣಿವೆಯ ಡಿ-6 ಬ್ಲಾಕಿನ ಒಪ್ಪಂದವಾದದ್ದು 2000ದಲ್ಲಿ, ಅನಿಲ ಪತ್ತೆಯಾದದ್ದು 2002ರಲ್ಲಿ, ಉತ್ಪಾದನೆ ಶುರುವಾದದ್ದು 2009ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳೆಲ್ಲ ಖರ್ಚಿನ ವರ್ಷಗಳು. ಸಿಕ್ಕ ಅನಿಲ ವ್ಯಾಪಾರಕ್ಕೆ ಯೋಗ್ಯವೆಂದು ಘೋಷಿಸಬೇಕು, ಅಭಿವೃದ್ಧಿ ಯೋಜನೆಗೆ ಸರ್ಕಾರದ ಪ್ರತಿನಿಧಿಗಳಿರುವ ಆಡಳಿತ ಸಮಿತಿ ಒಪ್ಪಬೇಕು, ಉತ್ಪಾದನಾ ಬಾವಿಗಳನ್ನು ಕೊರೆಯಬೇಕು, ಸಮುದ್ರದ ತಳದಲ್ಲಿ ಯಂತ್ರಗಳನ್ನು ಕೂಡಿಸಿ ದಂಡೆಯವರೆಗೆ ಕೊಳವೆ ಹಾಕಬೇಕು. ಹುಡುಕಾಟದ ಬಾವಿಗೆ ಆದ ಖರ್ಚು ಇದರ ಮುಂದೆ ಚಿಕ್ಕದು.

ಅದೇ ಬ್ಲಾಕಿನಲ್ಲಿ ನಿಮ್ಮ ಕಂಪನಿಯಂಥದೇ ಒಬ್ಬ ಪಾಲುದಾರನಿದ್ದ. ಕೆನಡಾದ ನಿಕೊ ರಿಸೋರ್ಸಸ್‌ಗೆ ಅಲ್ಲಿ ಇದ್ದದ್ದು ಸರಿಯಾಗಿ ಶೇ. 10. ಮೊದಲಿಗೆ ಉಳಿದ ಶೇ. 90 ರಿಲಯನ್ಸ್‌ನದಾಗಿತ್ತು, 2011ರಲ್ಲಿ ಬ್ರಿಟನ್ನಿನ ಬಿಪಿ ಬಂದು ಬ್ಲಾಕಿನ ಶೇ. 30 ಪಾಲನ್ನು ಅದರಿಂದ ಕೊಂಡಿತು. 2017ರಲ್ಲಿ ರಿಲಯನ್ಸ್ ಮತ್ತು ಬಿಪಿ ಅದೇ ಬ್ಲಾಕಿನ ಹೊಸ ಅನಿಲ ನಿಕ್ಷೇಪಗಳ ಅಭಿವೃದ್ಧಿಗೆ ಸುಮಾರು 40,000 ಕೋಟಿ ರೂಪಾಯಿ ಹೂಡುವುದಾಗಿ ಘೋಷಿಸಿದವು. ಅಷ್ಟರಲ್ಲಿ ಸಾಲದಲ್ಲಿ ಮುಳುಗಿದ್ದ ನಿಕೊಗೆ ತನ್ನ ಪಾಲಿನ ಕ್ಯಾಶ್ ಕಾಲ್ ಕಟ್ಟುವುದು ಸಾಧ್ಯವಾಗಲಿಲ್ಲ. 2018ರಲ್ಲಿ ಅದನ್ನು ಕಂತು ತಪ್ಪಿದವನೆಂದು ಪರಿಗಣಿಸಲಾಯಿತು. ಕೊನೆಗೆ ಅದರ ಪಾಲು ಉಳಿದಿಬ್ಬರಿಗೆ ಸೇರಿ ರಿಲಯನ್ಸ್‌ನದು ಶೇ. 66.67, ಬಿಪಿಯದು ಶೇ. 33.33 ಆಯಿತು. ಆ ಹೊಸ ನಿಕ್ಷೇಪಗಳಲ್ಲಿ ಮೊದಲನೆಯದರಿಂದ ಅನಿಲ ಹರಿಯತೊಡಗಿದ್ದು 2020ರ ಡಿಸೆಂಬರ್‌ನಲ್ಲಿ. ಅನಿಲ ಇದ್ದದ್ದು ನಿಜ, ಅದು ಹೊರಗೆ ಬಂದದ್ದೂ ನಿಜ; ಹಣ ಕಟ್ಟುವ ಶಕ್ತಿ ಇಲ್ಲದವನು ಆ ಹೊತ್ತಿಗೆ ಅಲ್ಲಿರಲಿಲ್ಲ.

ಕಟ್ಟದವನ ಬಗ್ಗೆ ಒಪ್ಪಂದಗಳು ಇಷ್ಟು ಕಠಿಣವಾಗಿರುವುದಕ್ಕೆ ಕಾರಣವಿದೆ. ಒಬ್ಬ ಕಟ್ಟದಿದ್ದರೆ ಅವನ ಪಾಲನ್ನು ಉಳಿದವರು ತಕ್ಷಣ ತುಂಬಬೇಕಾಗುತ್ತದೆ, ಏಕೆಂದರೆ ರಿಗ್‌ನವನು ಪಾಲುದಾರರ ಜಗಳ ಮುಗಿಯುವವರೆಗೆ ಕಾಯುವುದಿಲ್ಲ. ಆದ್ದರಿಂದ ಬಾಕಿಗೆ ಬಡ್ಡಿ ಬೀಳುತ್ತದೆ, ಮತದಾನದ ಹಕ್ಕು ಮತ್ತು ಮಾಹಿತಿ ಪಡೆಯುವ ಹಕ್ಕು ನಿಲ್ಲುತ್ತವೆ, ಉತ್ಪಾದನೆ ಇದ್ದರೆ ಅವನ ಪಾಲಿನ ಮಾರಾಟದ ಹಣವನ್ನು ಬಾಕಿಗೆ ವಜಾ ಮಾಡಿಕೊಳ್ಳುತ್ತಾರೆ, ನಿಗದಿತ ಅವಧಿಯೊಳಗೆ ಸರಿಪಡಿಸದಿದ್ದರೆ ಪಾಲನ್ನೇ ಬಿಟ್ಟುಕೊಡಬೇಕಾಗುತ್ತದೆ. ನಿಮ್ಮ ಕಂಪನಿ ರೈಟ್ಸ್ ಇಶ್ಯೂ ಮಾಡುತ್ತಿರುವುದು ಈ ಭಯದಿಂದಲೇ ಎಂದು ನಾನು ಊಹಿಸುತ್ತೇನೆ, ಮತ್ತು ಆ ಭಯ ನ್ಯಾಯವಾದದ್ದೇ.

ಈಗ ‘ಸರ್ಕಾರ ಖರ್ಚು ಹಿಂದಿರುಗಿಸುತ್ತದೆ’ ಎಂಬ ಮಾತಿಗೆ ಬರೋಣ. ಇದರಲ್ಲಿ ಅರ್ಧ ಸತ್ಯವಿದೆ. ಉತ್ಪಾದನಾ ಹಂಚಿಕೆ ಒಪ್ಪಂದ ಎಂಬ ಪದ್ಧತಿ ತೈಲ ಲೋಕದಲ್ಲಿ ನೆಲೆಯೂರಿದ್ದು 1960ರ ದಶಕದ ಇಂಡೋನೇಷ್ಯಾದಿಂದ. ತೈಲ ನಮ್ಮ ದೇಶದ್ದು, ನೀವು ಗುತ್ತಿಗೆದಾರರು ಮಾತ್ರ; ನಿಮ್ಮ ಖರ್ಚನ್ನು ಬಂದ ತೈಲದಲ್ಲೇ ಒಂದು ಮಿತಿಯೊಳಗೆ ತೆಗೆದುಕೊಳ್ಳಿ, ಉಳಿದದ್ದನ್ನು ಹಂಚಿಕೊಳ್ಳೋಣ ಎಂಬುದು ಅದರ ತಿರುಳು. ಅಲ್ಲಿನ ಆರಂಭದ ಒಪ್ಪಂದಗಳಲ್ಲಿ ಖರ್ಚಿನ ಬಾಬ್ತು ಉತ್ಪಾದನೆಯ ಶೇ. 40 ಮೀರುವಂತಿರಲಿಲ್ಲ, ಉಳಿದ ಶೇ. 60ರಲ್ಲಿ ಸರ್ಕಾರಿ ಸಂಸ್ಥೆಗೆ 65, ಗುತ್ತಿಗೆದಾರನಿಗೆ 35 ಎಂಬ ಹಂಚಿಕೆಯಿತ್ತು. ಖರ್ಚಿಗೆಂದು ತೆಗೆದಿಡುವ ಭಾಗವನ್ನು ಕಾಸ್ಟ್ ಪೆಟ್ರೋಲಿಯಂ ಎಂದೂ ಉಳಿದದ್ದನ್ನು ಪ್ರಾಫಿಟ್ ಪೆಟ್ರೋಲಿಯಂ ಎಂದೂ ನಮ್ಮ ಒಪ್ಪಂದಗಳು ಕರೆಯುತ್ತವೆ. ನೀವು ಕೊಟ್ಟ ಪಾಲಿನ ಹೊಲದ ಹೋಲಿಕೆ ಇಲ್ಲಿಯವರೆಗೆ ಸರಿಯಾಗಿಯೇ ಹೊಂದುತ್ತದೆ: ಖರ್ಚು ರಾಶಿಯಿಂದ ಬರಬೇಕೇ ಹೊರತು ಹೊಲದ ಒಡೆಯನ ಕಿಸೆಯಿಂದಲ್ಲ. ರಾಶಿಯೇ ಆಗದಿದ್ದರೆ ಮಾಡಿದವನ ಖರ್ಚು ಮಣ್ಣುಪಾಲು. ಬಾವಿ ಬರಿದಾದರೆ ಸರ್ಕಾರ ಒಂದು ಪೈಸೆಯನ್ನೂ ಕೊಡುವುದಿಲ್ಲ. ಹಾಗಾಗಿ ಹಿಂದಿರುಗಿಸುವುದು ಎಂಬ ಮಾತನ್ನೇ ನಾನು ಬಳಸುವುದಿಲ್ಲ. ಉತ್ಪಾದನೆಯಿಂದ ವಸೂಲು ಮಾಡಿಕೊಳ್ಳಲು ಅನುಮತಿ ಎಂದರೆ ಸರಿಯಾದೀತು.

ಮಿತಿ ಎಷ್ಟು ಎಂಬುದರ ಮೇಲೆ ಹಂಚಿಕೆ ಎಷ್ಟು ಬದಲಾಗುತ್ತದೆ ನೋಡಿ. ದಕ್ಷಿಣ ಅಮೆರಿಕದ ಗಯಾನಾ ದೇಶ 2016ರಲ್ಲಿ ಅಮೆರಿಕದ ತೈಲ ಕಂಪನಿ ಎಕ್ಸಾನ್ ನೇತೃತ್ವದ ಗುಂಪಿನೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಲಾಭ ಅರ್ಧರ್ಧ ಎಂದಿದೆ. ಕೇಳುವುದಕ್ಕೆ ಸಮಪಾಲು. ಆದರೆ ಉತ್ಪಾದನೆಯ ಶೇ. 75ರವರೆಗೆ ಖರ್ಚಿಗೆ ತೆಗೆದುಕೊಳ್ಳಬಹುದು. ಹಳೆಯ ಖರ್ಚು ತೀರುವವರೆಗೆ ನೂರು ರೂಪಾಯಿಯಲ್ಲಿ 75 ಅಲ್ಲಿಗೇ ಹೋಗಿ, ಉಳಿದ 25ರ ಅರ್ಧ 12.50 ಹಾಗೂ ಶೇ. 2 ರಾಯಧನ (ರಾಯಲ್ಟಿ) ಸೇರಿ ದೇಶಕ್ಕೆ ಬರುವುದು 14.50 ಮಾತ್ರ. ಶೇಕಡಾವಾರು ಎಷ್ಟೆಂದು ಕೇಳುವುದಕ್ಕಿಂತ ಹಣ ಹೊರಗೆ ಬರುವಾಗ ಸಾಲಿನಲ್ಲಿ ಯಾರು ಮೊದಲು, ಯಾರು ಆಮೇಲೆ ಎಂದು ಕೇಳಬೇಕು. ಸರ್ಕಾರಕ್ಕೂ ಅದೇ ಪ್ರಶ್ನೆ, ನಿಮಗೂ ಅದೇ.

ನಿಮ್ಮ ಕಂಪನಿಯ ಸ್ಥಾನ ತಿಳಿಯುವುದಕ್ಕೆ ಒಂದು ಕಲ್ಪಿತ ಲೆಕ್ಕ ಹಾಕೋಣ. ಗುಂಪು ಒಟ್ಟು 8,000 ಕೋಟಿ ರೂಪಾಯಿ ಹಾಕಿದೆ ಎಂದುಕೊಳ್ಳಿ. ನಿಮ್ಮ ಕಂಪನಿಯದು 800 ಕೋಟಿ. ಮೊದಲ ವರ್ಷ ಅನಿಲ ಮಾರಾಟದಿಂದ 3,000 ಕೋಟಿ ಬಂತು. ಖರ್ಚಿನ ಮಿತಿ ಶೇ. 80 ಎಂದಾದರೆ 2,400 ಕೋಟಿ ಕಾಸ್ಟ್ ಪೆಟ್ರೋಲಿಯಂ. ಅದರಲ್ಲಿ ರಾಯಧನ 300 ಕೋಟಿ, ನಡೆಸುವ ಖರ್ಚು 400 ಕೋಟಿ ಹೋಗಿ ಹಳೆಯ ಹೂಡಿಕೆಗೆ ಜಮೆಯಾಗುವುದು 1,700 ಕೋಟಿ. ಉಳಿದ 600 ಕೋಟಿ ಪ್ರಾಫಿಟ್ ಪೆಟ್ರೋಲಿಯಂನಲ್ಲಿ ಸರ್ಕಾರಕ್ಕೆ ಶೇ. 20 ಎಂದರೆ 120 ಕೋಟಿ, ಗುಂಪಿಗೆ 480 ಕೋಟಿ. ಗುಂಪಿನ ಕೈಗೆ ನಿವ್ವಳವಾಗಿ ಬಂದದ್ದು 2,180 ಕೋಟಿ, ನಿಮ್ಮ ಕಂಪನಿಗೆ 218 ಕೋಟಿ. ಇದೇ ವೇಗದಲ್ಲಿ ನಡೆದರೆ ನಾಲ್ಕು ವರ್ಷದೊಳಗೆ 800 ಕೋಟಿ ವಾಪಸು ಬಂದಂತೆ. ಆದರೆ ಆಳ ಸಮುದ್ರದ ಬಾವಿ ಒಂದೇ ಸಮ ಕೊಡುವುದಿಲ್ಲ. ಉತ್ಪಾದನೆ ವರ್ಷಕ್ಕೆ ಶೇ. 15ರಂತೆ ಇಳಿದು, ನಡೆಸುವ ಖರ್ಚು ಮಾತ್ರ ಇದ್ದಷ್ಟೇ ಇದ್ದರೆ, ಹಾಕಿದ ಅಸಲು ಕೈಸೇರುವುದು ಆರನೆಯ ವರ್ಷದಲ್ಲಿ. ಇದರಲ್ಲಿ ಆದಾಯ ತೆರಿಗೆಯನ್ನು ನಾನು ಸೇರಿಸಿಲ್ಲ, ಉತ್ಪಾದನೆಗೆ ಮುಂಚಿನ ವರ್ಷಗಳ ಬಡ್ಡಿಯನ್ನೂ ಸೇರಿಸಿಲ್ಲ. ಬ್ಯಾಂಕಿನಲ್ಲಿ ದುಡಿದ ನಿಮಗೆ ಆ ಬಡ್ಡಿ ಏನು ಮಾಡಬಲ್ಲದೆಂದು ಹೇಳಬೇಕಾಗಿಲ್ಲ.

ಇನ್ನೂ ಒಂದು ತೊಡಕಿದೆ. ಖರ್ಚೆಂದು ಬರೆದದ್ದನ್ನೆಲ್ಲ ಸರ್ಕಾರ ಒಪ್ಪಲೇಬೇಕೆಂದಿಲ್ಲ. ಡಿ-6ರಲ್ಲಿ ಉತ್ಪಾದನೆ 2010ರಲ್ಲಿ ಶಿಖರ ಮುಟ್ಟಿ ಆಮೇಲೆ ಯೋಜನೆಯಲ್ಲಿ ಹೇಳಿದ್ದಕ್ಕಿಂತ ಬಹಳ ಕೆಳಗಿಳಿದಾಗ, ಕಟ್ಟಿದ ಸ್ಥಾವರಗಳು ಪೂರ್ತಿ ಬಳಕೆಯಾಗಿಲ್ಲವೆಂದು ಸರ್ಕಾರ 200 ಕೋಟಿ ಡಾಲರಿಗೂ ಮಿಕ್ಕಿದ ಖರ್ಚನ್ನು ವಸೂಲು ಮಾಡಿಕೊಳ್ಳಲು ಬಿಡುವುದಿಲ್ಲವೆಂದಿತು. ಕಂಪನಿಗಳು ಭೂಗರ್ಭದ ಅನಿರೀಕ್ಷಿತ ಸ್ಥಿತಿಯೇ ಕಾರಣವೆಂದು ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋದವು. ಮುಂಬಯಿ ಕಡಲಿನ ಪನ್ನಾ-ಮುಕ್ತಾ ಮತ್ತು ತಾಪ್ತಿ ಕ್ಷೇತ್ರಗಳಲ್ಲಿಯೂ ಖರ್ಚಿನ ವಸೂಲಿಯ ಬಗ್ಗೆಯೇ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಇಂಥ ವ್ಯಾಜ್ಯದಲ್ಲಿ ದೊಡ್ಡವನು ಕಾಯಬಲ್ಲ. ಶೇ. 10ರವನ ಬ್ಯಾಲೆನ್ಸ್ ಷೀಟು ಅಷ್ಟು ಕಾಲ ಕಾಯುವುದಿಲ್ಲ.

ನಮ್ಮ ಹಳೆಯ ಒಪ್ಪಂದಗಳಲ್ಲಿ ಸರ್ಕಾರದ ಲಾಭದ ಪಾಲು, ಗುಂಪು ತನ್ನ ಹೂಡಿಕೆಯ ಎಷ್ಟು ಪಟ್ಟು ಗಳಿಸಿದೆ ಎಂಬುದನ್ನು ನೋಡಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಹೂಡಿಕೆ ಹೆಚ್ಚು ತೋರಿಸಿದಷ್ಟೂ ಮೇಲಿನ ಮೆಟ್ಟಿಲು ದೂರವಾಗುತ್ತದೆ. ಆದ್ದರಿಂದ ಖರ್ಚು ತಗ್ಗಿಸುವ ಆಸೆ ಯಾರಿಗೂ ಇರುವುದಿಲ್ಲವೆಂಬ ಆಕ್ಷೇಪವನ್ನು ಸಿಎಜಿ 2011ರ ತನ್ನ ವರದಿಯಲ್ಲಿ ಎತ್ತಿತು. ಸರ್ಕಾರ ನೇಮಿಸಿದ ರಂಗರಾಜನ್ ಸಮಿತಿ 2012ರಲ್ಲಿ ಈ ಪದ್ಧತಿಯನ್ನೇ ಬಿಟ್ಟು ವರಮಾನ ಹಂಚಿಕೆಗೆ ಹೋಗಬೇಕೆಂದಿತು, 2016ರ ಹೊಸ ನೀತಿ ಹಾಗೆಯೇ ಮಾಡಿತು. ಹೊಸ ಒಪ್ಪಂದದಲ್ಲಿ ಸರ್ಕಾರ ಖರ್ಚಿನ ಗೊಡವೆಗೇ ಹೋಗದೆ, ನಿಮ್ಮ ಹೋಲಿಕೆಯಲ್ಲೇ ಹೇಳುವುದಾದರೆ ಬೀಜ-ಗೊಬ್ಬರ ಎಷ್ಟಾಯಿತೆಂದು ಕೇಳದೆ, ರಾಶಿಯಲ್ಲೇ ತನ್ನ ಪಾಲು ಎತ್ತಿಕೊಳ್ಳುತ್ತದೆ. ವ್ಯಾಜ್ಯ ಕಡಿಮೆ, ಆದರೆ ಖರ್ಚು ಮಿತಿಮೀರಿದರೆ ಅದರ ಹೊರೆ ಪೂರ್ತಿಯಾಗಿ ಕಂಪನಿಗಳ ಮೇಲೆ. ಆದ್ದರಿಂದ ನಿಮ್ಮ ಕಂಪನಿಯ ಬ್ಲಾಕು ಹಳೆಯ ಬಗೆಯದೋ ಹೊಸದೋ ಎಂಬುದನ್ನು ವಾರ್ಷಿಕ ವರದಿಯಲ್ಲಿ ಮೊದಲು ನೋಡಿ. ಹೊಸದಾಗಿದ್ದರೆ ಬ್ರೋಕರ್ ಕಚೇರಿಯ ಆ ಮೊದಲನೆಯ ಮಾತು ಅರ್ಧ ಸತ್ಯವೂ ಅಲ್ಲ.

ಎರಡನೆಯ ಮಾತು, ಸುಳ್ಳು ಬಿಲ್ಲಿನದು. ಜಂಟಿ ಒಪ್ಪಂದದ ಮೂಲ ನಿಯಮವೆಂದರೆ ಆಪರೇಟರ್ ತಾನು ಆಪರೇಟರ್ ಆಗಿರುವ ಕಾರಣಕ್ಕೆ ಲಾಭವನ್ನೂ ಮಾಡಬಾರದು, ನಷ್ಟವನ್ನೂ ಅನುಭವಿಸಬಾರದು. ವರ್ಷದ ಬಜೆಟ್ಟಿಗೆ ಪಾಲುದಾರರ ಸಮಿತಿ ಒಪ್ಪಬೇಕು, ದೊಡ್ಡ ಖರ್ಚಿಗೆ ಪ್ರತ್ಯೇಕ ಮಂಜೂರಾತಿ ಬೇಕು, ವರ್ಷ ಮುಗಿದ ಮೇಲೆ ಸಾಮಾನ್ಯವಾಗಿ ಎರಡು ವರ್ಷದೊಳಗೆ ಲೆಕ್ಕ ತಪಾಸಣೆ ಮಾಡುವ ಹಕ್ಕು ಪ್ರತಿ ಪಾಲುದಾರನಿಗೂ ಇರುತ್ತದೆ. ತಪಾಸಣೆಯಲ್ಲಿ ನಾನು ಕಂಡ ಜಗಳಗಳು ಕಳ್ಳ ಬಿಲ್ಲಿನವಲ್ಲ. ಕೊರೆಯದೆ ಬಿಟ್ಟ ಎರಡನೆಯ ಬಾವಿಗೆಂದು ತಂದ ಕೇಸಿಂಗ್ ಪೈಪುಗಳು ಕಾಕಿನಾಡದ ಯಾರ್ಡಿನಲ್ಲಿ ಎರಡೂ ತುದಿಗೆ ಕ್ಯಾಪು ಹಾಕಿಸಿಕೊಂಡು ಬಿದ್ದಿರುತ್ತವೆ. ಅವುಗಳನ್ನು ಹೊಸ ಬೆಲೆಗೆ ಇನ್ನೊಂದು ಬ್ಲಾಕಿಗೆ ವರ್ಗಾಯಿಸಬೇಕೋ ಬಳಸಿದ ಬೆಲೆಗೋ ಎಂಬುದರ ಮೇಲೆ ದಿನಗಟ್ಟಲೆ ವಾದ ನಡೆಯುತ್ತದೆ. ಒಂದೇ ಹೆಲಿಕಾಪ್ಟರ್ ಎರಡು ಬ್ಲಾಕುಗಳಿಗೆ ಹಾರಿದರೆ ಯಾರಿಗೆ ಎಷ್ಟು, ಕೇಂದ್ರ ಕಚೇರಿಯ ಎಂಜಿನಿಯರ್ ಎಷ್ಟು ಗಂಟೆ ಈ ಬ್ಲಾಕಿನ ಕೆಲಸ ಮಾಡಿದ, ಆಪರೇಟರ್‌ನ ಸೋದರ ಕಂಪನಿಯಿಂದ ಕೊಂಡ ಸೇವೆಗೆ ಪೇಟೆಯ ದರವೇ ಆಯಿತೇ — ಇವೇ ಪ್ರಶ್ನೆಗಳು. ಮೊತ್ತಗಳು ಸಣ್ಣವಲ್ಲ, ಆದರೆ ಇವು ಲೆಕ್ಕದ ಭಿನ್ನಾಭಿಪ್ರಾಯಗಳು.

ಸಣ್ಣ ಪಾಲುದಾರನ ನಿಜವಾದ ಅಪಾಯ ಬೇರೆಯದು: ಅವನು ಸಮಿತಿಯಲ್ಲಿ ಕೂತಿರುತ್ತಾನೆ, ಆದರೆ ಅವನ ಮತದಿಂದ ಏನೂ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಇಂತಿಷ್ಟು ಶೇಕಡಾ ಪಾಲಿನವರು ಕೈಯೆತ್ತಿದರೆ ನಿರ್ಣಯ ಆಯಿತು. ಇಬ್ಬರು ದೊಡ್ಡವರು ಒಂದಾದರೆ ಇನ್ನೂ ಆರು ಬಾವಿ ಕೊರೆಯೋಣವೆಂದು ನಿರ್ಧರಿಸಬಹುದು. ಬೇಡವೆಂದವನಿಗೂ ಬಿಲ್ಲು ಬರುತ್ತದೆ. ಕೆಲವು ಹೆಚ್ಚುವರಿ ಕೆಲಸಗಳಿಂದ ಹೊರಗುಳಿಯುವ ಅವಕಾಶವಿರುತ್ತದೆ ನಿಜ, ಆದರೆ ಆಮೇಲೆ ಆ ಬಾವಿ ಫಲ ಕೊಟ್ಟು ಇವನು ಒಳಗೆ ಬರಬೇಕೆಂದರೆ ತನ್ನ ಪಾಲಿನ ಖರ್ಚಿನ ಹಲವು ಪಟ್ಟು ದಂಡ ಕಟ್ಟಬೇಕು. ಸರ್ಕಾರಕ್ಕೆ ಮಾತು ಕೊಟ್ಟ ಕನಿಷ್ಠ ಕೆಲಸಗಳಿಂದಂತೂ ಯಾರೂ ಹೊರಗುಳಿಯುವಂತಿಲ್ಲ.

ಹಾಗಾದರೆ ಇಂಥ ಕಂಪನಿಯ ಮುಂದೆ ಏನು ದಾರಿಗಳಿವೆ? ನಿಮ್ಮಿಂದ ಹಣ ಎತ್ತುವುದು ಒಂದು. ಪಾಲಿನ ಒಂದು ಭಾಗವನ್ನು ಹೊಸಬನಿಗೆ ಕೊಟ್ಟು, ಉಳಿದ ಭಾಗದ ಖರ್ಚನ್ನು ಅವನೇ ಹೊರುವಂತೆ ಮಾಡಿಕೊಳ್ಳುವುದು ಇನ್ನೊಂದು. ಇದನ್ನು ಫಾರ್ಮ್-ಔಟ್ ಎನ್ನುತ್ತಾರೆ, ಹೊರಿಸಿಕೊಂಡ ಪಾಲಿಗೆ ಕ್ಯಾರಿ ಎನ್ನುತ್ತಾರೆ. ಘಾನಾ ದೇಶದ ಜ್ಯೂಬಿಲಿ ತೈಲಕ್ಷೇತ್ರದಲ್ಲಿ ಅಲ್ಲಿನ ಸರ್ಕಾರಿ ಕಂಪನಿಗೆ ಹೂಡಿಕೆಯಿಲ್ಲದೆ ಶೇ. 10 ಇರುವುದು ಇಂಥ ಕ್ಯಾರಿಯಾಗಿಯೇ. ನಿಮ್ಮ ಕಂಪನಿಯ ಶೇ. 10ರ ಪಕ್ಕದಲ್ಲಿ ಆ ಶಬ್ದವಿದೆಯೇ ನೋಡಿ. ಕ್ಯಾಶ್ ಕಾಲ್ ಬರುತ್ತಿದೆ ಎಂದಮೇಲೆ ಇರಲಾರದು. ಅರ್ಧ ಪಾಲು ಬಿಟ್ಟುಕೊಟ್ಟರೆ ಷೇರುದಾರರು ಬೈಯುತ್ತಾರೆಂದು ಸಣ್ಣ ಕಂಪನಿಗಳು ಈ ದಾರಿಯನ್ನು ತಡವಾಗಿ ಹಿಡಿಯುತ್ತವೆ. ತಡವಾದಷ್ಟೂ ಕೊಳ್ಳುವವನಿಗೆ ಇವರ ಅವಸರ ಕಾಣುತ್ತದೆ, ಬೆಲೆ ಇಳಿಯುತ್ತದೆ.

ಬಿಡುವುದು ಸರಿಯೋ ಉಳಿಯುವುದು ಸರಿಯೋ ಎಂಬುದನ್ನು ಮುಂಚಿತವಾಗಿ ಹೇಳುವವರನ್ನು ನಂಬಬೇಡಿ. ಗಯಾನಾದ ಆ ಬ್ಲಾಕಿನಲ್ಲಿ ಅರ್ಧ ಪಾಲು ಹೊಂದಿದ್ದ ಶೆಲ್ 2014ರಲ್ಲಿ ಹೊರಗೆ ಹೋಯಿತು. ಎಕ್ಸಾನ್ ಒಬ್ಬನೇ ಖರ್ಚು ಹೊರುವುದು ಬೇಡವೆಂದು ಹೆಸ್‌ಗೆ ಶೇ. 30, ಈಗ ಚೀನಾದ ಸಿಎನ್‌ಒಒಸಿ ಹೆಸರಿನಲ್ಲಿರುವ ಶೇ. 25 ಇನ್ನೊಬ್ಬರಿಗೆ ಕೊಟ್ಟು ತಾನು 45 ಇಟ್ಟುಕೊಂಡಿತು. 2015ರಲ್ಲಿ ಅಲ್ಲಿ ಲೀಸಾ ಎಂಬ ಭಾರಿ ನಿಕ್ಷೇಪ ಸಿಕ್ಕಿತು. ಇತ್ತ ಬಿಪಿ 2011ರಲ್ಲಿ ರಿಲಯನ್ಸ್‌ನ 21 ಬ್ಲಾಕುಗಳಲ್ಲಿ ಶೇ. 30ಕ್ಕೆ 720 ಕೋಟಿ ಡಾಲರ್ ಕೊಟ್ಟು ಬಂದಾಗ ಡಿ-6ರ ಉತ್ಪಾದನೆ ಆಗಲೇ ಇಳಿಯತೊಡಗಿತ್ತು. ಲೋಕದ ಅತ್ಯುತ್ತಮ ಭೂವಿಜ್ಞಾನಿಗಳನ್ನು ಇಟ್ಟುಕೊಂಡ ಕಂಪನಿಗಳ ಕಥೆಗಳಿವು.

ಅನಾಹುತದ ಪ್ರಶ್ನೆಗೆ ನೇರ ಉತ್ತರವಿದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಮಕಾಂಡೊ ಬಾವಿ ಸ್ಫೋಟಿಸಿ ಡೀಪ್‌ವಾಟರ್ ಹೊರೈಜನ್ ರಿಗ್‌ನ 11 ಮಂದಿ ಸತ್ತರು. ಆ ಬಾವಿಯಲ್ಲಿ ಬಿಪಿಗೆ ಶೇ. 65, ಅನಾಡಾರ್ಕೊಗೆ 25, ಜಪಾನಿನ ಮಿತ್ಸುಯಿ ಗುಂಪಿನ ಮೋಯೆಕ್ಸ್‌ಗೆ 10. ಕೆಲಸ ನಡೆಸುತ್ತಿದ್ದದ್ದು ಬಿಪಿ. ಆದರೂ ಶುಚಿಗೊಳಿಸುವ ಖರ್ಚಿನ ಬಿಲ್ಲು ಪಾಲಿನ ಪ್ರಕಾರ ಎಲ್ಲರಿಗೂ ಹೋಯಿತು. ಆಪರೇಟರ್ ಘೋರ ನಿರ್ಲಕ್ಷ್ಯ ಮಾಡಿದ್ದರೆ ನಾವು ಹೊಣೆಯಲ್ಲವೆಂಬ ಷರತ್ತು ಹಿಡಿದು ಅನಾಡಾರ್ಕೊ ಕಟ್ಟಲು ನಿರಾಕರಿಸಿತು. ಕೊನೆಗೆ 2011ರಲ್ಲಿ ರಾಜಿಯಾಗಿ ಅನಾಡಾರ್ಕೊ 400 ಕೋಟಿ ಡಾಲರ್, ಮೋಯೆಕ್ಸ್ 106.5 ಕೋಟಿ ಡಾಲರ್ ಬಿಪಿಗೆ ಕೊಟ್ಟವು. ರಿಗ್ ನಡೆಸದ, ಕೇವಲ ಹತ್ತರಲ್ಲೊಂದು ಪಾಲಿನವನು ತೆತ್ತ ಬೆಲೆ ಅದು. ವಿಮೆ ಇರುತ್ತದೆ, ಆದರೆ ಅದಕ್ಕೂ ಮಿತಿ ಇರುತ್ತದೆ. ಕ್ಷೇತ್ರ ಬರಿದಾದ ಮೇಲೆ ಬಾವಿ ಮುಚ್ಚಿ, ವೇದಿಕೆಗಳನ್ನು ಕಿತ್ತು ತೆಗೆಯುವ ಹೊಣೆಯೂ ಪಾಲಿನ ಪ್ರಕಾರವೇ. ಅದಕ್ಕೆಂದು ಪುನಃಸ್ಥಾಪನಾ ನಿಧಿಗೆ ಮೊದಲೇ ಹಣ ತೆಗೆದಿಡುತ್ತಾರೆ.

ಇಷ್ಟೆಲ್ಲ ಕಂಪನಿಯ ಹೊಣೆ. ಪಬ್ಲಿಕ್ ಲಿಮಿಟೆಡ್ ಕಂಪನಿಯ ಷೇರುದಾರರಾಗಿ ನೀವು ಷೇರಿಗೆ ಹಾಕಿದ ಹಣ ಪೂರ್ತಿ ಹೋಗಬಹುದು, ಪೂರ್ತಿ ಹಣ ಕಟ್ಟಿದ ಷೇರಾಗಿದ್ದರೆ ಅದಕ್ಕಿಂತ ಹೆಚ್ಚಿನದನ್ನು ಯಾರೂ ನಿಮ್ಮಿಂದ ಕೇಳುವಂತಿಲ್ಲ. ಮನೆ-ಹೊಲಕ್ಕೆ ಏನೂ ಆಗುವುದಿಲ್ಲ. ಆದರೆ ಷೇರಲ್ಲದೆ ‘ಬಾವಿಯಲ್ಲೇ ನೇರ ಪಾಲು’ ಎಂದು ಯಾರಾದರೂ ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಬಂದರೆ ಆ ರಕ್ಷಣೆ ಇರುವುದಿಲ್ಲ. ಸಾಮಾನ್ಯ ಪಾಲುದಾರಿಕೆಯಲ್ಲಿ ಸಂಸ್ಥೆಯ ಸಾಲಕ್ಕೆ ಪಾಲುದಾರನ ಸ್ವಂತ ಆಸ್ತಿಯೂ ಹೊಣೆ. ಅಂಥ ಕಾಗದಕ್ಕೆ ಸಹಿ ಹಾಕಬೇಡಿ, ಮಾತು ಅಲ್ಲಿಗೇ ಮುಗಿಸಿ.

ರೈಟ್ಸ್ ಇಶ್ಯೂ ವಿಷಯ. ಹಾಕುವ ಮೊದಲು ಆಫರ್ ಪತ್ರದಲ್ಲಿ ಹಣದ ಬಳಕೆ ಎಂಬ ಭಾಗವನ್ನು ಓದಿ. ಹಣ ಮುಂದಿನ ಅಭಿವೃದ್ಧಿ ಕೆಲಸಕ್ಕೆ ಹೋಗುತ್ತದೆಯೋ, ಈಗಾಗಲೇ ತಪ್ಪಿದ ಕಂತುಗಳ ಬಾಕಿ ಮತ್ತು ಬಡ್ಡಿಗೆ ಹೋಗುತ್ತದೆಯೋ ಎಂಬುದು ಅಲ್ಲಿ ತಿಳಿಯುತ್ತದೆ. ಎರಡನೆಯದಾದರೆ ನಾನು ಹಾಕುವುದಿಲ್ಲ. ಮೊದಲನೆಯದಾದರೂ, ಎತ್ತುತ್ತಿರುವ ಮೊತ್ತವನ್ನು ಅಭಿವೃದ್ಧಿ ಯೋಜನೆಯ ಒಟ್ಟು ವೆಚ್ಚದ ಹತ್ತರಲ್ಲೊಂದು ಭಾಗದೊಂದಿಗೆ ಹೋಲಿಸಿ. ಕಾಲು ಭಾಗವೂ ಆಗದಿದ್ದರೆ ಮುಂದೆ ಇನ್ನೆರಡು ಮೂರು ಬಾರಿ ಇದೇ ಕಾಗದ ನಿಮ್ಮ ಮನೆಗೆ ಬರುತ್ತದೆ, ಆಗ ಹಾಕದಿದ್ದರೆ ಈಗ ಹಾಕಿದ್ದೂ ಕರಗುತ್ತದೆ. ಯೋಜನೆಗೆ ಇನ್ನೂ ಮಂಜೂರಾತಿಯೇ ಸಿಕ್ಕಿಲ್ಲವೆಂದಾದರೆ ‘ಅನಿಲ ಸಿಕ್ಕಿದೆ’ ಎಂಬ ಸುದ್ದಿಗೆ ಬೆಲೆ ಕಟ್ಟಲು ಬರುವುದಿಲ್ಲ. ಎಲ್ಲವೂ ಸರಿಯಿದ್ದರೂ, ವರ್ಷಗಟ್ಟಲೆ ಕೈಗೆ ಬಾರದೆ ಹೋದರೂ ಸಂಸಾರಕ್ಕೆ ತೊಂದರೆಯಾಗದ ಹಣವನ್ನು ಮಾತ್ರ ಹಾಕಿ. ಪಿಂಚಣಿಯಷ್ಟೇ ಆಧಾರವಾಗಿರುವವರಿಗೆ ನಾನು ಈ ಷೇರನ್ನು ಸೂಚಿಸುವುದಿಲ್ಲ.

ಹಾಕದಿರಲು ನಿರ್ಧರಿಸಿದರೆ ಕಾಗದವನ್ನು ಕಪಾಟಿನಲ್ಲಿಟ್ಟು ಸುಮ್ಮನಾಗಬೇಡಿ. ಹೊಸ ಷೇರು ಕೊಳ್ಳುವ ನಿಮ್ಮ ಹಕ್ಕು ಆರ್‌ಇ (ರೈಟ್ಸ್ ಎಂಟೈಟಲ್‌ಮೆಂಟ್) ಎಂಬ ಹೆಸರಿನಲ್ಲಿ ಡಿಮ್ಯಾಟ್ ಖಾತೆಗೆ ಜಮೆಯಾಗಿರುತ್ತದೆ, ಅದನ್ನು ಷೇರು ಪೇಟೆಯಲ್ಲಿ ಮಾರಬಹುದು. ಇಶ್ಯೂ ಬೆಲೆ ಪೇಟೆಯ ಬೆಲೆಗಿಂತ ಕಡಿಮೆಯಿದ್ದರೆ ಅದಕ್ಕೆ ಒಂದಿಷ್ಟು ಬೆಲೆ ಬಂದೇ ಬರುತ್ತದೆ, ಮಾರದೆ ಬಿಟ್ಟರೆ ಅವಧಿ ಮುಗಿದೊಡನೆ ಸೊನ್ನೆಯಾಗುತ್ತದೆ. ಪೇಟೆಯಲ್ಲಿ ಅದರ ವಹಿವಾಟು ಇಶ್ಯೂ ಮುಗಿಯುವ ದಿನಕ್ಕಿಂತ ಕೆಲವು ದಿನ ಮೊದಲೇ ನಿಲ್ಲುತ್ತದೆ. ಎರಡೂ ದಿನಾಂಕಗಳನ್ನು ಇವತ್ತೇ ಆಫರ್ ಪತ್ರದಲ್ಲಿ ನೋಡಿ ಗುರುತು ಹಾಕಿಕೊಳ್ಳಿ.